ನನ್ನ ಖುಷಿಗೆ ಓದಬ್ಯಾಡ್ರಿ

ಫೋಟೊ ಸ್ಟುಡಿಯೋದವನು ದೀಪ ಹೊಂದಿಸುತ್ತ ಕೇಳಿದ: "ಪಾಸ್‌ಪೋರ್ಟಿಗಾ ಅಮ್ಮಾ, ಪೆನ್ಷನ್ನಿಗಾ?"

"ಕಾಲೇಜಿಗಪಾ. ವಿದ್ಯಾರ್ಥಿ ಕಾರ್ಡಿಗೆ."

ಅವನು ಹಿಂದೆ ನಿಂತಿದ್ದ ನನ್ನನ್ನು ನೋಡಿ, "ಹಾಗಾದರೆ ನೀವು ಬನ್ನಿ ಮೇಡಂ, ಕೂತ್ಕೊಳ್ಳಿ" ಎಂದು ಸ್ಟೂಲು ತೋರಿಸಿದ. ಆ ಸ್ಟೂಲಿನ ಮೇಲೆ ನನ್ನ ಮನೆಯೊಡತಿ ಆಗಲೇ ಕೂತಾಗಿತ್ತು. ಏಳಲಿಲ್ಲ. ಸೆರಗು ಸರಿಮಾಡಿಕೊಂಡು, ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು ಹೇಳಿದರು: "ವಿದ್ಯಾರ್ಥಿ ನಾನು. ಈಕಿ ಬ್ಯಾಂಕಿನ ಆಫೀಸರು. ನೀ ಹೊಡಿ ಫೋಟೊ."

ಇದೆಲ್ಲ ನಡೆದದ್ದು ತೆಲುಗಿನಲ್ಲಿ. ಆದರೆ ಅವರ ತೆಲುಗಿನೊಳಗೆ ಹುಬ್ಬಳ್ಳಿ ಎಷ್ಟು ದಟ್ಟವಾಗಿ ಕೂತಿತ್ತೆಂದರೆ, ಅದನ್ನು ಹೀಗೆ ಬರೆದರೂ ಅನ್ಯಾಯವಾಗಲಾರದು. ಆಗ ಅವರಿಗೆ ಐವತ್ತು ಹತ್ತಿರವಾಗಿತ್ತು. ಮಗಳ ಮದುವೆಯಾಗಿತ್ತು. ಸಿಟಿ ಬಸ್ಸಿನಲ್ಲಿ ವಿದ್ಯಾರ್ಥಿ ಪಾಸು ತೋರಿಸಿದಾಗಲೆಲ್ಲ ಕಂಡಕ್ಟರ್ ಒಮ್ಮೆ ಪಾಸು, ಒಮ್ಮೆ ಅವರ ನರೆಗೂದಲು ನೋಡುತ್ತಿದ್ದ. ಅವರು ಕಿಟಕಿಯ ಕಡೆ ತಿರುಗಿ ಮುಸಿಮುಸಿ ನಗುತ್ತಿದ್ದರು.

ನಾನು ಅವರನ್ನು ಅಕ್ಕೋರು ಎನ್ನುತ್ತಿದ್ದೆ. ಹುಬ್ಬಳ್ಳಿ ಕಡೆ ಶಾಲೆಯ ಮೇಡಮ್ಮಿಗೆ ಹಾಗೆನ್ನುತ್ತಾರೆ ಎಂದು ನನಗೆ ತಿಳಿದದ್ದು ಅವರ ಯಜಮಾನರಿಂದ. ರೈಲ್ವೆಯಲ್ಲಿ ಎಂಜಿನಿಯರಾಗಿದ್ದ ರಾಯರು ಹೆಂಡತಿಯನ್ನು ಚುಡಾಯಿಸಲು ಆ ಹೆಸರು ಹಿಡಿದು ಕೂಗುತ್ತಿದ್ದರು. ಎಂಬತ್ತರ ದಶಕದ ನಡುವಿನಲ್ಲಿ, ಮೈಸೂರು ಬಿಟ್ಟು ಬೇರೆ ಊರು ಕಾಣದಿದ್ದ ನಾನು ಬ್ಯಾಂಕಿನ ಕೆಲಸಕ್ಕೆಂದು ವಿಶಾಖಪಟ್ಟಣಕ್ಕೆ ಬಂದಾಗ, ಎಂವಿಪಿ ಕಾಲೋನಿಯ ಅವರ ಮನೆಯ ಮಹಡಿಯ ಕೋಣೆ ಬಾಡಿಗೆಗೆ ಸಿಕ್ಕಿತು. ಬಾಡಿಗೆದಾರಳಾಗಿ ಒಂದು ವಾರ ಇದ್ದಿರಬೇಕು. ಆಮೇಲೆ ಬೆಳಗಿನ ಚಹಾ ಕೆಳಗೇ ಆಯಿತು, ರಾತ್ರಿಯ ಊಟವೂ ಆಯಿತು. ಚಹಾಕ್ಕೆ ಸಕ್ಕರೆ ಎಷ್ಟು ಎಂದು ಅವರು ಯಾರನ್ನೂ ಕೇಳಿದವರಲ್ಲ. ಎದುರಿಗಿದ್ದವರ ಮುಖ ನೋಡಿ ತಾವೇ ಹಾಕುತ್ತಿದ್ದರು, ಯಾವಾಗಲೂ ಹೆಚ್ಚಾಗುತ್ತಿತ್ತು. ಮಾತು ಕೇಳುವಾಗ ಎದುರಿನವರ ಮಣಿಕಟ್ಟು ಹಿಡಿದುಕೊಳ್ಳುವುದು ಇನ್ನೊಂದು ಅಭ್ಯಾಸ. ನರ್ಸು ನಾಡಿ ನೋಡಿದ ಹಾಗೆ. ಬಿಡಿಸಿಕೊಳ್ಳಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ.

ಕಾಲೋನಿಯಿಂದ ಕಡಲ ಕಡೆಗೆ ಇಳಿದರೆ ಜಾಲಾರಿಗಳ ಕೇರಿ. ಗಂಡಸರು ದೋಣಿಯಲ್ಲಿ ಹೋಗುತ್ತಿದ್ದರು, ಹೆಂಗಸರು ಬುಟ್ಟಿ ಹೊತ್ತು ಮೀನು ಮಾರುತ್ತಿದ್ದರು. ಆ ಕೇರಿಯಲ್ಲಿ ಒಂದು ಮಹಿಳಾ ಸಂಘದ ಪರವಾಗಿ ಅಕ್ಕೋರು ಹಲವು ವರ್ಷಗಳಿಂದ ಅಕ್ಷರದ ತರಗತಿ ನಡೆಸಿಕೊಂಡು ಬಂದಿದ್ದರು. ಸಂಘಕ್ಕೆ ಅವರು ಕಾರ್ಯದರ್ಶಿ. ಪಕ್ಕದಲ್ಲೇ ಸಂಘದ ಬಾಲವಾಡಿ ಇತ್ತು. ತಾಯಂದಿರು ಮೀನು ಮಾರಲು ಹೋದಾಗ ಮಕ್ಕಳು ಅಲ್ಲಿ ಆಡಿ, ಮಧ್ಯಾಹ್ನ ಉಂಡು ಮಲಗುತ್ತಿದ್ದವು. ತರಗತಿ ಮುಗಿಯುವಾಗ ಅಕ್ಕೋರು ಎದ್ದುನಿಂತು, "ಅರ್ಥಮಯಿಂದಾ?" ಎಂದು ಕೇಳುತ್ತಿದ್ದರು. ಹೆಂಗಸರೆಲ್ಲ ಒಂದೇ ಸ್ವರದಲ್ಲಿ "ಅಯಿಂದಮ್ಮಾ", ಅರ್ಥವಾಯಿತಮ್ಮಾ, ಎನ್ನುತ್ತಿದ್ದರು. ಆ ಉತ್ತರ ಕಿವಿಗೆ ಬಿದ್ದಾಗ ಅವರ ಮುಖ ಅರಳುತ್ತಿದ್ದುದನ್ನು ನಾನೇ ಎಷ್ಟೋ ಭಾನುವಾರ ಕಂಡಿದ್ದೇನೆ.

ಆ ಸುಮಾರಿಗೆ ಗುಡ್ಡದ ಮೇಲಿನ ವಿಶ್ವವಿದ್ಯಾಲಯದವರು ಹೊಸದೊಂದು ಓದು ಆರಂಭಿಸಿದರು. ಜನರ ನಡುವೆ ಕೆಲಸ ಮಾಡುವ ಮುಂದಾಳುಗಳು ಆ ಕೆಲಸ ಬಿಡದೆಯೇ ಶಿಕ್ಷಣದಲ್ಲಿ ಡಾಕ್ಟರೇಟ್ ಪಡೆಯಬಹುದು. ಷರತ್ತು ಒಂದೇ. ಸಂಶೋಧನೆ ಬೇರೆಯವರ ಮೇಲಲ್ಲ, ತಮ್ಮ ಕೆಲಸದ ಮೇಲೇ ನಡೆಯಬೇಕು. ಎಂಎ ಮಾಡಿ ಇಪ್ಪತ್ತೈದು ವರ್ಷ ಅಡುಗೆಮನೆ, ಸಂಘ ಎಂದು ಕಳೆದಿದ್ದ ಅಕ್ಕೋರು ಅರ್ಜಿ ಹಾಕಿಬಿಟ್ಟರು. "ಮೊಮ್ಮಕ್ಕಳು ಅಆಇಈ ಬರಿಯೂ ಹೊತ್ತಿನ್ಯಾಗ ಅಜ್ಜಿ ಪುರಾಣ ಬರೀತಾಳಂತ!" ಎಂದರು ರಾಯರು. ಆಮೇಲೆ ತಾವೇ ಹೋಗಿ ಒಂದು ಟೇಬಲ್ ಲ್ಯಾಂಪು ತಂದರು.

ಅವರ ಸಹಪಾಠಿಗಳು ನೋಡುವ ಹಾಗಿದ್ದರು. ದುವ್ವಾಡದಿಂದ ಬರುತ್ತಿದ್ದ ಕಾರ್ಮಿಕ ಸಂಘದ ಮುಂದಾಳು ಪಾಠದ ನಡುವೆ ಪ್ರಶ್ನೆ ಕೇಳಲು ಎದ್ದರೆ ಕಾರ್ಖಾನೆಯ ಗೇಟ್ ಮೀಟಿಂಗಿನಲ್ಲಿ ನಿಂತವರಂತೆ ಕೈ ಎತ್ತಿ ಗುಡುಗುತ್ತಿದ್ದರಂತೆ. ಭೀಮಿಲಿ ಕಡೆಯ ಸಹಕಾರಿ ಸಂಘದವರೊಬ್ಬರು ಬೇಸಿಗೆಯಲ್ಲಿ ಚೀಲದ ತುಂಬ ತಾಳೆಮರದ ತಾಟಿನುಂಗು ತರುತ್ತಿದ್ದರು. ಚರ್ಚಿನ ಪಾದ್ರಿಯೊಬ್ಬರಿದ್ದರು, ಬಹಳ ಮೆಲುಮಾತಿನವರು. ಶನಿವಾರ ಮಧ್ಯಾಹ್ನ ಇವರೆಲ್ಲ ನಮ್ಮ ಮನೆಯ ವರಾಂಡದಲ್ಲಿ ಕೂತು, ನುಂಗು ಸುಲಿಯುತ್ತ, ಒಬ್ಬರ ಬರವಣಿಗೆಯನ್ನು ಇನ್ನೊಬ್ಬರು ಎಳೆಎಳೆಯಾಗಿ ಬಿಡಿಸಿ ತಪ್ಪು ಹೇಳುತ್ತಿದ್ದರು.

ಅಕ್ಕೋರು ಆರಿಸಿಕೊಂಡ ವಿಷಯ ಸರಳವಾಗಿತ್ತು. ತಮ್ಮ ತರಗತಿಯಲ್ಲಿ ಕಲಿತು ಹೋದ ಹೆಂಗಸರ ಬದುಕಿನಲ್ಲಿ ಓದು ಏನು ಬದಲಾವಣೆ ತಂದಿದೆ? ಉತ್ತರದ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ. ಅದಕ್ಕೇ ಇರಬೇಕು, ಮೊದಲ ಭೇಟಿಗೆ ಅವರು ನೂಕರತ್ನಂ ಮನೆಯನ್ನೇ ಆರಿಸಿದರು. ನೂಕರತ್ನಂ ಅವರ ಹೆಮ್ಮೆಯ ಶಿಷ್ಯೆ. ಒಂದು ವಾರ್ಷಿಕೋತ್ಸವದಲ್ಲಿ ದೊಡ್ಡ ಅಧಿಕಾರಿಗಳ ಮುಂದೆ ವೇದಿಕೆ ಹತ್ತಿ, ಪುಸ್ತಕ ಹಿಡಿದು, ಒಂದು ಪುಟ ನಿಲ್ಲಿಸದೆ ಓದಿದ್ದವಳು. ಆವತ್ತು ತಾವು ಅತ್ತದ್ದನ್ನು ಅಕ್ಕೋರು, ನಾನು ಬಂದ ಹೊಸತರಲ್ಲೇ, ನನಗೆ ಹೇಳಿದ್ದರು.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಹೋದಾಗ ನೂಕರತ್ನಂ ಮರಳಿನ ಮೇಲೆ ಮೀನು ಒಣಹಾಕುತ್ತಿದ್ದಳು. ಕೈ ತೊಳೆದು ಬಂದು ಚಾಪೆ ಹಾಸಿದಳು. ಕುಶಲ ಮಾತಾದ ಮೇಲೆ ಅಕ್ಕೋರು ಚೀಲದಿಂದ ಒಂದು ಹಾಳೆ ತೆಗೆದು ಕೊಟ್ಟರು. ಮಕ್ಕಳ ಕತೆಯ ನಾಲ್ಕು ಸಾಲು.

ಅವಳು ಹಾಳೆಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. "ಕಣ್ಣು ಮಂಜಾಗಿದೆ ಅಮ್ಮಗಾರೂ" ಎಂದಳು.

"ಅಷ್ಟೇನಾ? ತೊಗೊ" ಎಂದು ಅಕ್ಕೋರು ತಮ್ಮ ಕನ್ನಡಕ ತೆಗೆದು ಅವಳ ಮೂಗಿನ ಮೇಲೆ ತಾವೇ ಇಟ್ಟರು.

ನೂಕರತ್ನಂ ಬಹಳ ಹೊತ್ತು ಆ ಹಾಳೆಯನ್ನು ನೋಡಿದಳು. ಆಮೇಲೆ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮಡಿಸಿ ಅಕ್ಕೋರ ಕೈಯಲ್ಲಿಟ್ಟಳು.

"ಕಣ್ಣು ಚೆನ್ನಾಗೇ ಇದೆ ಅಮ್ಮಗಾರೂ."

"ಮತ್ತ ಆವತ್ತು ಓದಿದ್ದು?"

"ಬಾಯಿಪಾಠ. ಶಾಲೆಗೆ ಹೋಗ್ತಾಳಲ್ಲ ನಮ್ಮ ಚಿಕ್ಕವಳು, ಅವಳು ಹೇಳಿಕೊಟ್ಟಳು."

"ಯಾಕ?"

ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು: "ನೀವು ಆ ಬಿಸಿಲಲ್ಲಿ ನಡಕೊಂಡು ಬರ್ತಿದ್ರಿ. ನಮ್ಮನ್ನ ಹೆಸರು ಹಿಡಿದು ಮಾತಾಡಿಸ್ತಿದ್ರಿ. ಬರಲ್ಲ ಅಂದರೆ ನಿಮ್ಮ ಮುಖ ಹೇಗಾಗುತ್ತೆ ಅಂತ ಎಲ್ಲರಿಗೂ ಗೊತ್ತು."

ಎಲ್ಲರಿಗೂ ಎಂಬ ಮಾತು ನನಗೆ ಮನೆಗೆ ಬಂದ ಮೇಲೆ ಅರ್ಥವಾಯಿತು. ಅಕ್ಕೋರಿಗೆ ಅಲ್ಲೇ ಅರ್ಥವಾಗಿತ್ತು. ಅವರು ಅವಳ ಮಣಿಕಟ್ಟು ಹಿಡಿಯಲು ಕೈ ಚಾಚಿದವರು, ಏಕೋ ಹಿಂದಕ್ಕೆ ತೆಗೆದುಕೊಂಡರು.

ನಂತರದ ವಾರಗಳಲ್ಲಿ ಮನೆಮನೆಗೂ ಹೋದರು. ಹೆಚ್ಚಿನವರು ತಮ್ಮ ಹೆಸರು ಬರೆಯುತ್ತಿದ್ದರು, ಪಕ್ಕದ ಮನೆಯವಳ ಹೆಸರು ಓದಲಾರರು. ಬೆರಳೆಣಿಕೆಯ ಕೆಲವರು ತಡವರಿಸಿ ಓದಿದರು. ಮಿಕ್ಕವರು ಮೊದಮೊದಲು ಕಣ್ಣು, ತಲೆನೋವು, ಒಲೆಯ ಮೇಲಿನ ಅನ್ನ ಎಂದು ನೆಪ ಹೇಳಿ, ಕೊನೆಗೆ ನಕ್ಕುಬಿಡುತ್ತಿದ್ದರು.

ಒಂದು ಸಂಜೆ ರಾಯರು ನನ್ನ ಕೋಣೆಯ ಬಾಗಿಲಿಗೆ ಬಂದರು. ಎಂದೂ ಮೆಟ್ಟಿಲು ಹತ್ತಿದವರಲ್ಲ. "ಏನ್ ಆಗೇದ್ರಿ ಅಕಿಗೆ? ವಾರ ಆತು, ನನ್ನ ಜೋಡಿ ಜಗಳಾನಽ ಆಡಿಲ್ಲ" ಎಂದರು. ನಾನು ಕೆಳಗೆ ಹೋದೆ. ಅಕ್ಕೋರು ಹಿತ್ತಲಿನ ಕಲ್ಲಿನ ಮೇಲೆ ಕೂತಿದ್ದರು.

"ತಂಗಿ, ನಾ ಅವರಿಗೆ ಅಕ್ಷರ ಕಲಸ್ತೀನಿ ಅಂತ ಹೋಗ್ತಿದ್ದೆ. ಅವರು ನನ್ನ ಸಣ್ಣ ಹುಡುಗೀಗೆ ಸಮಾಧಾನ ಮಾಡಿದಂಗ ಮಾಡಿ ಕಳಸ್ತಿದ್ರು. ಇಷ್ಟು ವರ್ಷ. ಒಬ್ಬಾಕಿನೂ ಬಾಯಿ ಬಿಡಲಿಲ್ಲ ನೋಡು."

ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ನಾಚಿಕೆ ಅವರನ್ನು ಅಳುವುದಕ್ಕೂ ಬಿಟ್ಟಿರಲಿಲ್ಲ.

ಅವರ ಮಾರ್ಗದರ್ಶಕರು ಒಳ್ಳೆಯ ಮನುಷ್ಯರು. ಎಲ್ಲ ಕೇಳಿ, "ವಿಷಯ ಬದಲಿಸಿಕೊಳ್ಳಿ ಮೇಡಂ, ಹೊಲಿಗೆ ತರಗತಿಯ ಬಗ್ಗೆ ಬರೆಯಿರಿ. ಯಾರಿಗೂ ತೊಂದರೆ ಇಲ್ಲ" ಎಂದರಂತೆ. ಇವರು, "ಸರ್, ಕೆಲಸ ಮಾಡ್ತಾನೇ ಕಲೀರಿ ಅಂದ್ರಿ. ಈಗ ಕಲತೀನಿ. ಕಲತದ್ದು ಬಿಡ್ರಿ ಅಂತೀರಲ್ಲ?" ಎಂದರಂತೆ. ಮಾರ್ಗದರ್ಶಕರು ಪೆನ್ನು ತೆಗೆದು ಒಪ್ಪಿಗೆ ಬರೆದರಂತೆ.

ಮತ್ತೆ ಕೇರಿಗೆ ಹೋದರು. ಈ ಸಲ ಕೈಯಲ್ಲಿ ಓದಿಸುವ ಹಾಳೆ ಇರಲಿಲ್ಲ. "ನೀವು ಯಾಕೆ ಬರುತ್ತಿದ್ದಿರಿ?" ಎಂದಷ್ಟೇ ಕೇಳಿದರು. ಒಬ್ಬಳು, ಆ ಹೊತ್ತಿನಲ್ಲಿ ಅತ್ತೆ ಕರೆಯುತ್ತಿರಲಿಲ್ಲ, ಅದಕ್ಕೆ ಎಂದಳು. ಇನ್ನೊಬ್ಬಳು ಹಾಡು ಹೇಳಿಸುತ್ತಿದ್ದಿರಿ, ಅದಕ್ಕೆ ಎಂದಳು. ಬಸ್ಸಿನ ಬೋರ್ಡು ಓದಬೇಕೆಂದು ಬಂದಿದ್ದೆ, ಪುಸ್ತಕದಲ್ಲಿ ಬಸ್ಸಿನ ಬೋರ್ಡು ಬರಲೇ ಇಲ್ಲ ಎಂದು ಮತ್ತೊಬ್ಬಳು. ಇದನ್ನೆಲ್ಲ ಬರೆದರು. ತಾವು ಪಾಠ ಹೇಗೆ ಮಾಡುತ್ತಿದ್ದರು, ಆ "ಅರ್ಥಮಯಿಂದಾ" ಹೇಗೆ ಕೇಳುತ್ತಿದ್ದರು, ಅದನ್ನು ಕೇಳಿಸಿಕೊಂಡವಳಿಗೆ ಇಲ್ಲ ಎನ್ನಲು ಜಾಗವೇ ಇರಲಿಲ್ಲವೆಂಬುದನ್ನೂ ಬರೆದರು.

ವಿಶ್ವವಿದ್ಯಾಲಯಕ್ಕೆ ಕೊಡುವ ಮೊದಲು ಆ ಅಧ್ಯಾಯವನ್ನು ಸಂಘದ ಸಮಿತಿಯ ಎದುರು ತಾವೇ ಓದಿದರು. ಅಧ್ಯಕ್ಷೆಯ ಮನೆಯ ಹಾಲಿನಲ್ಲಿ ಸಭೆ. ಇಂಗ್ಲಿಷ್ ಟೈಪು ನಾನು ಮಾಡಿಕೊಟ್ಟಿದ್ದರಿಂದ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಓದಿ ಮುಗಿಸಿ ಹಾಳೆಗಳನ್ನು ಟೀಪಾಯಿಯ ಮೇಲಿಟ್ಟರು. ಅಧ್ಯಕ್ಷೆ ದೊಡ್ಡ ವ್ಯಾಪಾರಿ ಮನೆತನದವರು. ದನಿ ಏರಿಸದೆ ಕೇಳಿದರು:

"ಇದು ಹೊರಗೆ ಬಂದರೆ ತರಗತಿಗೆ ಬರುವ ಸರ್ಕಾರಿ ನೆರವು ನಿಲ್ಲುತ್ತೆ. ನಿಲ್ಲಲಿ. ಆದರೆ ಬಾಲವಾಡಿಗೂ ಅದೇ ನೆರವು. ಮಧ್ಯಾಹ್ನ ಊಟ ಇಲ್ಲ ಅಂತ ಆ ಮಕ್ಕಳಿಗೆ ಹೇಳೋರು ಯಾರು? ನೀವೇ ಹೇಳ್ತೀರಾ?"

ಅಕ್ಕೋರು ಹಾಳೆಗಳನ್ನು ಒಟ್ಟುಮಾಡಿಕೊಂಡು ಎದ್ದರು. ಮನೆ ಹತ್ತಿರ ಬಂದಾಗ ನಿಂತು, "ಆಕಿ ಕೇಳಿದ್ದು ಖರೇನ ಅದ" ಎಂದರು. "ಆದ್ರ ಆ ಮಕ್ಕಳ ಹೆಸರು ಹೇಳಿ ಅವರ ತಾಯಂದಿರ ಬಾಯಿ ಮತ್ತ ಮುಚ್ಚಲೇನು? ಸರಿ ಮಾಡ್ಲಿಕತ್ತೀನೋ ತಪ್ಪು ಮಾಡ್ಲಿಕತ್ತೀನೋ, ತಿಳೀವಲ್ದು ತಂಗಿ."

ತಿಳಿಯದೆಯೇ ಪ್ರಬಂಧ ಕೊಟ್ಟರು. ಕೊಡುವ ದಿನವೇ ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆಯನ್ನೂ ಕೊಟ್ಟರು.

ಅಧ್ಯಕ್ಷೆ ಹೇಳಿದಂತೆಯೇ ಆಯಿತು. ನೆರವು ನಿಂತಿತು. ಬಾಲವಾಡಿಯ ಬಾಗಿಲಿಗೆ ಬೀಗ ಬಿತ್ತು. ಆ ಮಳೆಗಾಲದಲ್ಲಿ ಒಮ್ಮೆ ಅಕ್ಕೋರು ಕೇರಿಯ ದಾರಿಯಲ್ಲಿ ಹೋಗುವಾಗ ಒಬ್ಬ ತಾಯಿ ಸೊಂಟದ ಮೇಲೆ ಮಗು ಹೊತ್ತುಕೊಂಡೇ ಅಡ್ಡ ನಿಂತಳು. "ನಿಮಗೆ ಡಾಕ್ಟರು ಬರುತ್ತಂತೆ. ನಮ್ಮ ಮಕ್ಕಳಿಗೆ ಅನ್ನ ಹೋಯಿತು" ಎಂದಳು. ಅಕ್ಕೋರು ನಿಂತು ಕೇಳಿದರು. ಸಮರ್ಥಿಸಿಕೊಳ್ಳಲಿಲ್ಲ, ಕ್ಷಮೆ ಕೇಳಿ ಹಗುರಾಗಲೂ ನೋಡಲಿಲ್ಲ. ಮನೆಗೆ ಬಂದು ಅಂದು ಊಟ ಮಾಡಲಿಲ್ಲ. ಒಲೆ ಹಚ್ಚಿದವರು ರಾಯರು. ಅನ್ನ ಮುದ್ದೆಯಾಗಿತ್ತು.

ಬಾಲವಾಡಿಯನ್ನು ಮತ್ತೆ ತೆರೆಸಿದವರು ಅದೇ ಅಧ್ಯಕ್ಷೆ. ಮನೆಮನೆ, ಅಂಗಡಿ ಅಂಗಡಿ ಹತ್ತಿಳಿದು, ತಮ್ಮ ನೆಂಟರಿಷ್ಟರ ಬೆನ್ನು ಬಿದ್ದು, ಮಳೆಗಾಲ ಮುಗಿಯುವ ಹೊತ್ತಿಗೆ ತೆರೆಸಿದರು. ಅಕ್ಕೋರೊಂದಿಗೆ ಅವರು ಮತ್ತೆ ಮಾತಾಡಲಿಲ್ಲ. ಆದರೂ ಅಕ್ಕೋರು ಅವರ ಬಗ್ಗೆ ಎಂದೂ ಒಂದು ಕೆಟ್ಟ ಮಾತು ಆಡಿದ್ದು ನಾನು ಕೇಳಿಲ್ಲ. "ಆ ಕೆಲಸ ನಾ ಮಾಡಬೇಕಾಗಿತ್ತು, ಆಕಿ ಮಾಡಿದ್ಲು" ಎನ್ನುತ್ತಿದ್ದರು.

ಮೌಖಿಕ ಪರೀಕ್ಷೆ ಬಂದಾಗ ಬಾಲವಾಡಿಗೆ ಇನ್ನೂ ಬೀಗವಿತ್ತು. ನಾನು ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಹಿಂದಿನ ಬೆಂಚಿನಲ್ಲಿ ದುವ್ವಾಡದವರು, ಪಾದ್ರಿಗಳು, ರಾಯರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕದ ಮೇಲಿನಿಂದ ನೋಡಿ, "ಮೇಡಂ, ನಿಮ್ಮ ತರಗತಿ ವಿಫಲವಾಯಿತು ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಇದರಲ್ಲಿ ಹೊಸ ಜ್ಞಾನ ಏನು?" ಎಂದು ಕೇಳಿದರು.

ಅಕ್ಕೋರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ, "ಸರ್, ಕಲಿಯುವವರು ಕಲಿಸುವವರ ಮನಸ್ಸು ನೋಯದ ಹಾಗೆ ಎಷ್ಟು ವರ್ಷ ಬೇಕಾದರೂ ನೋಡಿಕೊಳ್ಳಬಲ್ಲರು. ನಮ್ಮ ಯಾವ ಪರೀಕ್ಷೆಗೂ ಅದು ಗೊತ್ತಾಗುವುದಿಲ್ಲ. ಕಲಿಸುವ ಕೆಲಸದಲ್ಲಿರುವವರಿಗೆಲ್ಲ ಇದು ತಿಳಿದಿರಲಿ ಅಂತ ಬರೆದೆ" ಎಂದರು.

ಪರೀಕ್ಷಕರು ಮುಂದಿನ ಪ್ರಶ್ನೆಗೆಂದು ಪುಟ ತಿರುಗಿಸಿದವರು, ಕೇಳದೆ ಮುಚ್ಚಿದರು. ಪದವಿ ಬಂತು. ರಾಯರು ಹಿತ್ತಾಳೆಯ ಹೆಸರಿನ ಫಲಕಕ್ಕೆ ಹೇಳುತ್ತೇನೆ ಎಂದಾಗ ಅಕ್ಕೋರು ಬೇಡವೆಂದು ಕೈ ಮುಗಿದರು. ಮರುವರ್ಷ ರಾಯರಿಗೆ ವಿಜಯವಾಡಕ್ಕೆ ವರ್ಗವಾಯಿತು. ನಾನು ಮಹಡಿಯಲ್ಲೇ ಉಳಿದೆ. ಕೆಳಗೆ ಬೇರೆಯವರು ಬಂದರು.

ತೊಂಬತ್ತರ ದಶಕದಲ್ಲಿ ನನಗೂ ವಿಜಯವಾಡಕ್ಕೆ ವರ್ಗವಾಯಿತು, ಒನ್ ಟೌನ್ ಎಂಬ ಹಳೇ ಪೇಟೆಯ ಶಾಖೆಗೆ. ಸಗಟು ಅಂಗಡಿಗಳ ಗಲ್ಲಿ, ಕೈಗಾಡಿಗಳ ಜಗ್ಗಾಟ, ಒಣಮೆಣಸಿನಕಾಯಿಯ ಘಾಟು. ಮೊದಲ ವಾರವೆಲ್ಲ ಸೀನುತ್ತಲೇ ಸಹಿ ಹಾಕಿದೆ. ಅಕ್ಕೋರ ವಿಳಾಸ ಹುಡುಕುವ ಅಗತ್ಯವೇ ಬರಲಿಲ್ಲ. ಒಂದು ಮಧ್ಯಾಹ್ನ ಬ್ಯಾಂಕಿನ ಹಿಂದಿನ ಗಲ್ಲಿಯಲ್ಲಿ, ಮುಚ್ಚಿದ ಮೆಣಸಿನಕಾಯಿ ಗೋದಾಮಿನ ಜಗಲಿಯ ಮೇಲೆ, ತೊಟ್ಟು ಬಿಡಿಸುವ ಹೆಂಗಸರ ನಡುವೆ ಮೂಗಿಗೆ ಸೆರಗು ಕಟ್ಟಿಕೊಂಡು ಕೂತಿದ್ದರು.

"ಬಾರಽ ತಂಗಿ! ದಪ್ಪ ಆಗೀದಿ" ಎಂದು ಮಣಿಕಟ್ಟು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

ಆ ಹೆಂಗಸರ ಜೊತೆ ಅವರು ಮೊದಲು ಎಷ್ಟೋ ತಿಂಗಳು ಸುಮ್ಮನೆ ಕೂತು ತೊಟ್ಟು ಬಿಡಿಸಿದ್ದರಂತೆ. ಆ ಹೆಂಗಸರೇ ಒಂದು ದಿನ, ಮೂಟೆಯ ಮೇಲೆ ಬರೆದಿರುವ ಊರು ಯಾವುದು, ಓದಲು ಹೇಳಿಕೊಡಿ ಎಂದು ಕೇಳಿದ ಮೇಲೆ ಪಾಠ ಶುರುವಾಗಿತ್ತು. ಪುಸ್ತಕ ಇರಲಿಲ್ಲ. ಮೂಟೆ, ಅಂಗಡಿಯ ಬೋರ್ಡು, ಬಸ್ಸು, ಔಷಧಿಯ ಬಾಟಲಿ, ಇವೇ ಪುಸ್ತಕ. ಅಂಗಡಿಗಳು ಮಧ್ಯಾಹ್ನ ಊಟಕ್ಕೆ ಮುಚ್ಚಿದಾಗ ಪಾಠ. "ನನ್ನ ಖುಷಿಗೆ ಓದಬ್ಯಾಡ್ರಿ" ಎಂಬುದು ಅಲ್ಲಿ ಅವರು ಹಾಕಿದ್ದ ಒಂದೇ ನಿಯಮ. ನಾನು ಕೂತಿದ್ದಾಗಲೇ ಕಾಂತಮ್ಮ ಎಂಬ ಗಟ್ಟಿ ಗಂಟಲಿನ ಹೆಂಗಸು, "ಇವತ್ತು ನೀವು ಹೇಳಿದ್ದು ಒಂದು ಚೂರೂ ತಲೆಗೆ ಹೋಗಲಿಲ್ಲಮ್ಮಾ, ಕೆಟ್ಟದಾಗಿ ಹೇಳಿದ್ರಿ" ಎಂದಳು. ಅಕ್ಕೋರು ನನ್ನ ಕಡೆ ತಿರುಗಿ, ಪದವಿ ಬಂದ ದಿನವೂ ಕಾಣದಿದ್ದ ಹೆಮ್ಮೆಯಿಂದ, "ಕೇಳಿದೇನು?" ಎಂದರು.

ಯಾರು ಎಷ್ಟು ಕಲಿತರೆಂಬ ಲೆಕ್ಕವನ್ನು ಅಕ್ಕೋರು ಹೇಳುತ್ತಿರಲಿಲ್ಲ. ಕೇಳಿದರೆ, "ಹೋಗಿ ಅವರನ್ನಽ ಕೇಳು" ಎನ್ನುತ್ತಿದ್ದರು. ರಾಯರು ನಿವೃತ್ತರಾದ ಮೇಲೂ ಇಬ್ಬರೂ ಅಲ್ಲೇ ಉಳಿದರು. ಎಂವಿಪಿ ಕಾಲೋನಿಯ ಮನೆಯನ್ನು ಮಾರಿದರು.

ಒಂದು ಬೇಸಿಗೆಯಲ್ಲಿ, ನಾಲ್ಕೈದು ದಿನದ ಜ್ವರದಲ್ಲಿ ಅಕ್ಕೋರು ತೀರಿಕೊಂಡರು. ಅರವತ್ತು ದಾಟಿರಲಿಲ್ಲ.

ಸಂತಾಪ ಸಭೆ ಒಂದು ಕಲ್ಯಾಣ ಮಂಟಪದ ಮೇಲಿನ ಹಾಲಿನಲ್ಲಿ ನಡೆಯಿತು. ಊರಿನ ಗಣ್ಯರು ಬಂದಿದ್ದರು. ಒಬ್ಬರು, ಈ ಮಹಾತಾಯಿ ಸಾವಿರಾರು ಸ್ತ್ರೀಯರ ಬಾಳಿನಲ್ಲಿ ಅಕ್ಷರದ ದೀಪ ಹಚ್ಚಿದರು ಎಂದರು. ಇನ್ನೊಬ್ಬರು ಅದನ್ನು ಇನ್ನಷ್ಟು ದೊಡ್ಡದು ಮಾಡಿದರು. ರಾಯರು ಮುಂದಿನ ಸಾಲಿನಲ್ಲಿ ಕೈಕಟ್ಟಿ, ಏನೂ ಕೇಳಿಸದವರಂತೆ ಕೂತಿದ್ದರು. ಮೆಣಸಿನಕಾಯಿ ಹೆಂಗಸರು ಗೋಡೆಯ ಬದಿಗೆ ನಿಂತಿದ್ದರು. ಬೇರೆ ಯಾರಾದರೂ ಮಾತಾಡುವವರಿದ್ದಾರೆಯೇ ಎಂದು ವೇದಿಕೆಯ ಮೇಲಿದ್ದವರು ಉಪಚಾರಕ್ಕೆ ಕೇಳಿದಾಗ ಕಾಂತಮ್ಮ ಮುಂದೆ ಬಂದಳು. ಮೈಕು ಬೇಡವೆಂದಳು. ಅವಳಿಗೆ ಬೇಕಾಗಿಯೂ ಇರಲಿಲ್ಲ.

"ಸಾವಿರ ಗೀವಿರ ನನಗೆ ಗೊತ್ತಿಲ್ಲ. ನಾವು ಇದ್ದದ್ದು ಹನ್ನೆರಡೋ ಹದಿಮೂರೋ ಜನ. ನನಗೆ ಇನ್ನೂ ಪೂರ್ತಿ ಬರಲ್ಲ. ಒತ್ತಕ್ಷರ ಬಂದರೆ ನಿಂತುಬಿಡ್ತೀನಿ. ಅಮ್ಮಗಾರು ಒತ್ತಕ್ಷರಕ್ಕೆ ಬಂದಿದ್ದರು, ಅಷ್ಟರಲ್ಲಿ ಹೀಗಾಯಿತು. ಮಿಕ್ಕದ್ದು ಯಾರು ಹೇಳಿಕೊಡ್ತೀರಿ, ಹೇಳಿ."

ಗಣ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಇದರ ಬಗ್ಗೆ ಸೂಕ್ತವಾಗಿ ಯೋಚಿಸೋಣ ಎಂದರು. ನಾನು ಎದ್ದೇಳಬೇಕೆಂದುಕೊಳ್ಳುವಷ್ಟರಲ್ಲಿ ರಾಯರು ಎದ್ದಿದ್ದರು. ನಲವತ್ತು ವರ್ಷ ಆ ಸೀಮೆಯಲ್ಲಿದ್ದೂ ಅವರ ತೆಲುಗು ಕೂಲಿಯವರನ್ನು ಕರೆಯುವುದಕ್ಕಿಂತ ಮುಂದೆ ಹೋಗಿರಲಿಲ್ಲ.

"ನೇನು ವಸ್ತಾನಮ್ಮಾ" ಎಂದರು, ನಾನು ಬರುತ್ತೇನೆ ಎಂದು. ಆಮೇಲೆ ತೆಲುಗು ಸಾಲದೆ ಕನ್ನಡಕ್ಕೆ ಇಳಿದರು. "ತೆಲುಗಿನ ಒತ್ತಕ್ಷರ ನನಗೂ ಗೊತ್ತಿಲ್ಲ. ಮೊದಲ ನಾ ಕಲತು ಬರ್ತೀನಿ. ಸೋಮವಾರ ತನಕಾ ಟೈಮ್ ಕೊಡ್ರಿ."

ನಾನು ಅದನ್ನು ತೆಲುಗಿನಲ್ಲಿ ಹೇಳಿದೆ. ಕಾಂತಮ್ಮ ರಾಯರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಸರಿ ಅಯ್ಯಗಾರೂ. ಎರಡು ಗಂಟೆಗೆ ಬಂದುಬಿಡಿ" ಎಂದಳು. "ಮೂರಕ್ಕೆ ಗೋದಾಮು ತೆಗೀತಾರೆ."